ಅತ್ತಿಗೆ ತೀರ್ಕೊಂಡ ಮೇಲೆ ಫಾರ್ಮ್ ಹಿಡ್ಕೊಂಡು ಮನೆಗೆ ಬಂದಿದ್ರು, ಇದು ಪೊಲೀಸ್ ಕೇಸಾ ಮೇಡಂ?

ಪ್ರಶ್ನೆ: ಮೇಡಂ, ನಮ್ಮ ಅತ್ತಿಗೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ರು. ಅಲ್ಲಿನ ತಾಲೂಕ್ ಆಸ್ಪತ್ರೇಲಿ ನಾರ್ಮಲ್ ಆಯ್ತು, ಮೂರನೇ ದಿನ ಮನೆಗೆ ಕಳಿಸಿದ್ರು. ಏಳನೇ ದಿನದಿಂದ ತಲೆನೋವು ಅಂತಿದ್ರಂತೆ, ಎಂಟನೇ ದಿನ ರಾತ್ರಿ ಫಿಟ್ಸ್ ಬಂತು. ಮನೇಲಿ ಹಿರಿಯರು ಬಾಣಂತಿ ಸನ್ನಿ ಅಂದ್ರು. ಬೆಳಿಗ್ಗೆ ಒಂದು ಪ್ರೈವೇಟ್ ನರ್ಸಿಂಗ್ ಹೋಮ್‌ಗೆ ಹೋದ್ವಿ, ಅವರು ಆಗಲ್ಲ ಅಂದ್ರು, ಅಲ್ಲಿಂದ ಪಕ್ಕದ ಜಿಲ್ಲೆ ದೊಡ್ಡಾಸ್ಪತ್ರೆಗೆ ಹೋದ್ವಿ, ಒಂಬತ್ತನೇ ದಿನ ಸಂಜೆ ಹೋಗ್ಬಿಟ್ರು. ಮಗು ಚೆನ್ನಾಗಿದೆ. ಎರಡು ವಾರ ಆದ್ಮೇಲೆ ಆಶಾ, ಸಿಸ್ಟರ್, ತಾಲೂಕ್ ಆರೋಗ್ಯಾಧಿಕಾರಿ (ಟಿಎಚ್‌ಒ) ಮೂರೂ ಜನ ಮನೆಗೆ ಬಂದು ಎರಡು ಗಂಟೆ ಕೂತು ದೊಡ್ಡ ಫಾರ್ಮ್ ತುಂಬಿಸ್ಕೊಂಡ್ರು, ಸಹಿ ಕೇಳಿದ್ರು, ತಾಯಿ ಕಾರ್ಡ್ ಕೊಡಿ ಅಂದ್ರು. ಈಗ ಡಿಸಿ ಆಫೀಸಿನ ಮೀಟಿಂಗ್‌ಗೆ ಬರಬೇಕು ಅಂತ ಫೋನ್ ಬಂದಿದೆ. ನಮ್ಮನ್ನೇ ತಪ್ಪಿತಸ್ಥರು ಮಾಡ್ತಾರಾ? ಸತ್ತೋರ ಬಗ್ಗೆ ಇಷ್ಟೆಲ್ಲ ಬರ್ಕೊಂಡು ಸರ್ಕಾರಕ್ಕೆ ಏನಾಗ್ಬೇಕು?

ಉತ್ತರ: ಮೊದಲು ನಿಮ್ಮ ಮನೆಯವರಿಗೆಲ್ಲ ನನ್ನ ಸಂತಾಪ ಹೇಳಿ. ಆಮೇಲೆ ನಿಮ್ಮ ಭಯಕ್ಕೆ ಉತ್ತರ: ಇದು ಪೊಲೀಸ್ ಕೇಸ್ ಅಲ್ಲ. ನಿಮ್ಮ ಮೇಲೂ ಅಲ್ಲ, ಡಾಕ್ಟ್ರ ಮೇಲೂ ಅಲ್ಲ. ಇದನ್ನ ತಾಯಿ ಮರಣ ಪರಿಶೀಲನೆ ಅಂತಾರೆ, ಇಲಾಖೆಯವರ ಬಾಯಲ್ಲಿ ಎಂಡಿಎಸ್ಆರ್, ಅಂದ್ರೆ ಮೆಟರ್ನಲ್ ಡೆತ್ ಸರ್ವೇಲೆನ್ಸ್ ಅಂಡ್ ರೆಸ್ಪಾನ್ಸ್. 2010ರಲ್ಲಿ ಕೇಂದ್ರ ಸರ್ಕಾರ ಎಲ್ಲಾ ರಾಜ್ಯಗಳಲ್ಲೂ ಶುರು ಮಾಡ್ಸಿತು, 2017ರಲ್ಲಿ ನಿಯಮಗಳನ್ನ ತಿದ್ದಿ ಬರೆದ್ರು. ಹಳೇ ಹೆಸರಲ್ಲಿ ಬರೀ ರಿವ್ಯೂ ಇತ್ತು, ಹೊಸದರಲ್ಲಿ ರೆಸ್ಪಾನ್ಸ್ ಅನ್ನೋ ಪದ ಸೇರಿಸಿದ್ರು, ಅಂದ್ರೆ ಎಣಿಸಿದ್ರೆ ಸಾಲದು, ಎಣಿಸಿದ ಮೇಲೆ ಏನಾದ್ರೂ ಮಾಡ್ಬೇಕು ಅಂತ. ಆ ಎರಡನೇ ಅರ್ಧದ ಬಗ್ಗೆ ನನಗೆ ತಕರಾರಿದೆ, ಅದಕ್ಕೆ ಆಮೇಲೆ ಬರ್ತೀನಿ. ನಾನು ಪ್ರಸೂತಿ ಡಾಕ್ಟ್ರಾಗಿ ಇಂಥ ಜಿಲ್ಲಾ ಸಮಿತೀಲಿ ಹಲವು ವರ್ಷ ಕೂತವಳು, ಹಾಗಾಗಿ ಮೇಜಿನ ಆ ಕಡೆಯಿಂದ ಹೇಗೆ ಕಾಣುತ್ತೆ ಅನ್ನೋದನ್ನ ಹೇಳಬಲ್ಲೆ.

ನಿಮ್ಮ ಅತ್ತಿಗೆ ವಿಷಯ ಇಲಾಖೆಗೆ ಗೊತ್ತಾಗಿದ್ದು ಹೇಗೆ ಅಂದ್ರೆ, ಹಳ್ಳೀಲಿ 15ರಿಂದ 49 ವರ್ಷದೊಳಗಿನ ಯಾವ ಹೆಣ್ಣುಮಗಳು ಸತ್ರೂ, ಹಾವು ಕಚ್ಚಿದ್ರೂ ಸರಿ ಆಕ್ಸಿಡೆಂಟ್ ಆದ್ರೂ ಸರಿ, ಆಶಾ ಅದನ್ನ ತಿಳಿಸಬೇಕು. ಆಮೇಲೆ ಸಿಸ್ಟರ್, ಈಗವರನ್ನ ಪಿಎಚ್‌ಸಿಒ ಅಂತಾರೆ, ಹೋಗಿ ವಿಚಾರಿಸ್ತಾರೆ, ಆಕೆ ಬಸುರಿಯಾಗಿದ್ಲಾ, ಹೆರಿಗೆಯೋ ಅಬಾರ್ಷನ್ನೋ ಆಗಿ 42 ದಿನದ ಒಳಗೆ ಇದ್ಲಾ ಅಂತ. ಈ 42 ದಿನ ಅನ್ನೋದು ಪ್ರಪಂಚದಲ್ಲೆಲ್ಲ ಒಂದೇ ಲೆಕ್ಕ. ನಿಮ್ಮತ್ತಿಗೆದು ಒಂಬತ್ತನೇ ದಿನ, ಹಾಗಾಗಿ ಅದು ನಿಸ್ಸಂಶಯವಾಗಿ ಈ ಪಟ್ಟಿಗೆ ಬರುತ್ತೆ. ಎಲ್ಲಾ ಹೆಂಗಸರ ಸಾವನ್ನೂ ಯಾಕೆ ಕೇಳ್ತಾರೆ ಅಂದ್ರೆ, ಬರೀ ಬಾಣಂತಿ ಸಾವು ಹೇಳಿ ಅಂದ್ರೆ ಜನ ಹೇಳಲ್ಲ. ಮೂರು ತಿಂಗಳ ಬಸುರಿ ಅಬಾರ್ಷನ್ ಆಗಿ ಸತ್ರೆ ಮನೆಯವರು ಜಾಂಡೀಸ್ ಅಂತಾರೆ, ಹೊಟ್ಟೆನೋವು ಅಂತಾರೆ, ಅದರಲ್ಲೂ ಮದುವೆ ಆಗಿಲ್ಲದವಳಾದ್ರೆ ಮುಗೀತು, ಯಾರ ಬಾಯಲ್ಲೂ ಬರಲ್ಲ.

ನಿಮ್ಮ ಪ್ರಕರಣದಲ್ಲಿ ಇನ್ನೊಂದು ಗೋಜಲಿದೆ, ಅದು ನಮ್ಮ ಕಡೆ ಬಹಳ ಕಾಮನ್, ತವರುಮನೆ. ಆಕೆ ತಾಯಿ ಕಾರ್ಡ್ ಮಾಡ್ಸಿದ್ದು ಗಂಡನ ಊರಲ್ಲಿ, ಏಳು ತಿಂಗಳವರೆಗೆ ಬಿಪಿ ರಕ್ತ ಎಲ್ಲಾ ನೋಡಿದ್ದು ಅಲ್ಲಿನ ಸಿಸ್ಟರ್, ಸೀಮಂತ ಮುಗಿಸಿ ತವರಿಗೆ ಹೋದ್ಮೇಲೆ ಅಲ್ಲಿನ ಆಶಾಗೆ ಇವಳು ಹೊಸ ಮುಖ, ಹೆರಿಗೆ ಒಂದು ತಾಲೂಕಲ್ಲಿ, ಸಾವು ಇನ್ನೊಂದು ಜಿಲ್ಲೇಲಿ. ಆರ್‌ಸಿಎಚ್ ಪೋರ್ಟಲ್ ಅಂತ ಒಂದಿದೆ, ಪ್ರತಿ ಗರ್ಭಿಣಿಗೂ ಒಂದು ನಂಬರ್ ಕೊಡ್ತಾರೆ, ಎಲ್ಲಿಗೆ ಹೋದ್ರೂ ಆ ನಂಬರ್ ಹೊಡೆದ್ರೆ ಹಿಂದಿನದೆಲ್ಲ ಸಿಗಬೇಕು ಅನ್ನೋದು ಅದರ ಉದ್ದೇಶ. ಕಂಪ್ಯೂಟರ್‌ನಲ್ಲಿ ಸಿಗುತ್ತೆ, ಆದ್ರೆ ರಾತ್ರಿ ಎರಡು ಗಂಟೆಗೆ ಲೇಬರ್ ರೂಮ್‌ನಲ್ಲಿ ಕಂಪ್ಯೂಟರ್ ಹಾಕಿ ನೋಡೋರ್ಯಾರು? ಆಗ ಕೆಲಸಕ್ಕೆ ಬರೋದು ಬ್ಯಾಗ್‌ನಲ್ಲಿರೋ ಕಾರ್ಡೇ. ನಾನಂತೂ ತವರಿಗೆ ಹೊರಟ ಬಸುರಿಯರಿಗೆ ಹೇಳ್ತಿದ್ದೆ, ಸೀರೆ ಮರೆತ್ರೂ ಪರವಾಗಿಲ್ಲ ಕಾರ್ಡ್ ಮರೀಬೇಡಿ, ಹೋದ ದಿನವೇ ಅಲ್ಲಿನ ಆಶಾನ್ನ ಕರೆದು ತೋರಿಸಿ ಅಂತ. ಸಾವು ಎಲ್ಲಾದ್ರೂ ಆಗಲಿ, ಲೆಕ್ಕ ಹೋಗೋದು ಆಕೆಯ ಸ್ವಂತ ಊರಿನ ಜಿಲ್ಲೆಗೆ, ಆದ್ರೆ ವಿಚಾರಣೆ ಆಸ್ಪತ್ರೇಲೂ ಆಗ್ಬೇಕು ಮನೇಲೂ ಆಗ್ಬೇಕು. ಆಸ್ಪತ್ರೆದಕ್ಕೆ ಬೇರೆ ಫಾರ್ಮ್, ಮನೇದಕ್ಕೆ ಬೇರೆ ಫಾರ್ಮ್. ನಿಮ್ಮ ಮನೇಲಿ ತುಂಬಿದ್ದು ಎರಡನೇದು, ಅದಕ್ಕೆ ವರ್ಬಲ್ ಅಟಾಪ್ಸಿ ಅಂತಾರೆ, ಅಂದ್ರೆ ಹೆಣ ಕೊಯ್ಯದೆ ಮಾತಲ್ಲೇ ಕಾರಣ ಹುಡುಕೋದು.

ಸಹಿ ಯಾಕೆ ಅಂತ ಕೇಳಿದ್ರಿ. ಅದು ನೀವು ಮಾತಾಡೋಕೆ ಒಪ್ಪಿದ್ರಿ ಅನ್ನೋದಕ್ಕೆ, ತಪ್ಪೊಪ್ಪಿಗೆ ಅಲ್ಲ. ಬರೆದಿದ್ದನ್ನ ಓದಿ ಹೇಳಿ ಅಂತ ಕೇಳಿ, ಓದಿಸಿ ಆಮೇಲೇ ಸಹಿ ಮಾಡಿ, ಯಾರೂ ಬೇಜಾರ್ ಮಾಡ್ಕೊಳ್ಳಲ್ಲ, ಮಾಡ್ಕೊಂಡ್ರೆ ಮಾಡ್ಕೊಳ್ಳಲಿ.

ಈಗ ಆ ಎರಡು ಗಂಟೆ ಏನು ಕೇಳಿದ್ರು ಅಂತ ನೆನಪು ಮಾಡ್ಕೊಳ್ಳಿ. ತಲೆನೋವು ಯಾವಾಗ ಶುರುವಾಯ್ತು, ಆಸ್ಪತ್ರೆಗೆ ಹೋಗೋಣ ಅಂತ ಮೊದಲು ಅಂದಿದ್ದು ಯಾರು, ಗಾಡಿ ಯಾವಾಗ ಬಂತು, ನರ್ಸಿಂಗ್ ಹೋಮಿನೋರು ಎಷ್ಟೊತ್ತು ಇಟ್ಕೊಂಡಿದ್ರು, ಬಿಡೋವಾಗ ಚೀಟಿ ಕೊಟ್ರಾ, ದೊಡ್ಡಾಸ್ಪತ್ರೆಗೆ ಹೋದ್ಮೇಲೆ ಡಾಕ್ಟ್ರು ಮುಟ್ಟಿ ನೋಡಿದ್ದು ಎಷ್ಟು ಹೊತ್ತಿಗೆ. ಹೆಚ್ಚುಕಮ್ಮಿ ಎಲ್ಲಾ ಪ್ರಶ್ನೇಲೂ ಗಡಿಯಾರ ಇರುತ್ತೆ. ಯಾಕಂದ್ರೆ ತಾಯಂದಿರು ಸಾಯೋ ಕಾಯಿಲೆಗಳು ನಮಗೆ ಗೊತ್ತಿರೋವೇ, ರಕ್ತಸ್ರಾವ, ಬಿಪಿ ಜಾಸ್ತಿಯಾಗಿ ಬರೋ ಫಿಟ್ಸ್, ನಂಜು, ಜೊತೆಗೆ ಮೊದಲೇ ಇದ್ದ ರಕ್ತಹೀನತೆ ಹೃದಯದ ತೊಂದರೆ, ಇವಕ್ಕೆ ಔಷಧಿನೂ ಗೊತ್ತು. ಕಳೆದುಹೋಗೋದು ಹೊತ್ತು. ಹೋಗ್ಬೇಕು ಅಂತ ತೀರ್ಮಾನ ಮಾಡೋಕೆ ಒಂದಿಷ್ಟು ಹೊತ್ತು, ದಾರೀಲಿ ಒಂದಿಷ್ಟು, ಮುಟ್ಟಿದ ಮೇಲೆ ಚಿಕಿತ್ಸೆ ಶುರುವಾಗೋಕೆ ಒಂದಿಷ್ಟು, ಈ ಮೂರು ತಡ ಅನ್ನೋ ಲೆಕ್ಕಾಚಾರವನ್ನ 1994ರಲ್ಲಿ ಥಡೇಯಸ್ ಮತ್ತೆ ಮೇನ್ ಅನ್ನೋ ಇಬ್ಬರು ಬರೆದ್ರು, ಇವತ್ತಿಗೂ ಎಷ್ಟೋ ದೇಶಗಳ ಪರಿಶೀಲನೆ ಅದರ ಮೇಲೇ ನಿಂತಿದೆ.

ಒಂದು ಮೀಟಿಂಗ್ ನನಗೆ ಮರೆಯೋಕಾಗಲ್ಲ. ಹೆರಿಗೆಯಾಗಿ ಮಾಸು ಬೀಳದೆ ರಕ್ತ ಹೋಗಿ ಸತ್ತ ಹುಡುಗಿ, ಅವಳ ಅತ್ತೆ ಬಂದಿದ್ರು, ವಯಸ್ಸಾದ ಹೆಂಗಸು, ಸೆರಗನ್ನ ಬೆರಳಿಗೆ ಸುತ್ಕೊಂಡು ಕೊನೇ ಕುರ್ಚಿ ತುದೀಲಿ ಕೂತಿದ್ರು. ಮನೆ ಬಿಟ್ಟಿದ್ದು ಎಷ್ಟು ಗಂಟೆಗಮ್ಮ ಅಂತ ಡಿಸಿ ಕೇಳಿದ್ರು. ನಳದಾಗ ನೀರು ಬಿಡೋ ಹೊತ್ತಿಗ್ರೀ ಸಾಹೇಬ್ರ ಅಂದ್ರು. ಎಲ್ಲರೂ ಸುಮ್ಮನಾದ್ರು, ನೀರು ಬಿಡೋ ಹೊತ್ತು ಅಂದ್ರೆ ಯಾವಾಗ? ಆಶಾ ಎದ್ದು ನಿಂತು, ನಮ್ಮೂರಲ್ಲಿ ಐದೂವರೆಗೆ ಬಿಡ್ತಾರೆ ಸರ್ ಅಂದ್ಳು. ತಾಲೂಕ್ ಆಸ್ಪತ್ರೆ ಕೇಸ್ ಶೀಟ್‌ನಲ್ಲಿ ಬಂದ ಸಮಯ 9.10. ಊರಿಂದ ಆಸ್ಪತ್ರೆಗೆ 22 ಕಿಲೋಮೀಟರ್. ಮೂರು ಗಂಟೆ ನಲವತ್ತು ನಿಮಿಷ ಎಲ್ಲಿ ಹೋಯ್ತು? ಬಿಡಿಸ್ತಾ ಹೋದ್ರೆ, ಗಾಡಿ ಬಂದಿತ್ತು, ಮೊದಲು ಪಿಎಚ್‌ಸಿಗೆ ಹೋಗಿತ್ತು, ಅಲ್ಲಿದ್ದ ಒಬ್ಬಳೇ ಸ್ಟಾಫ್ ನರ್ಸ್ ಇನ್ನೊಂದು ಹೆರಿಗೇಲಿದ್ಳು, ಅವಳು ಕೈ ಬಿಡಿಸ್ಕೊಂಡು ಬಂದು ಡ್ರಿಪ್ ಹಾಕಿ ಕಳಿಸೋಷ್ಟರಲ್ಲಿ ಎರಡು ಗಂಟೆ, ರಿಜಿಸ್ಟರ್‌ನಲ್ಲಿ ಬರೆದಿದ್ದು ಒಂದೇ ಪದ, ರೆಫರ್ಡ್. ತಾಲೂಕಿಗೆ ಯಾರೂ ಫೋನ್ ಮಾಡಿರ್ಲಿಲ್ಲ, ಅಲ್ಲಿ ಅವತ್ತು ಅರಿವಳಿಕೆ ಡಾಕ್ಟ್ರು ರಜೆ. ಯಾರೂ ದುಷ್ಟರಲ್ಲ ನೋಡಿ ಇದರಲ್ಲಿ. ಆ ಅತ್ತೆ ಒಂದೇ ಒಂದು ಮಾತಲ್ಲಿ ಹೇಳಿದ್ದನ್ನ ನಮ್ಮ ನಾಲ್ಕು ಕೇಸ್ ಶೀಟು ಸೇರಿಸಿದ್ರೂ ಹೇಳಿರ್ಲಿಲ್ಲ. ನಿಮ್ಮನ್ನ ಡಿಸಿ ಆಫೀಸಿಗೆ ಕರೆದಿರೋದು ಇದಕ್ಕೇನೇ.

ನಿಜ ಹೇಳ್ಬೇಕಂದ್ರೆ ನಮ್ಮ ಕಾಗದಗಳು ಸುಳ್ಳು ಹೇಳ್ತವೆ. ಬೇಕಂತ ಅಲ್ಲ, ಅಭ್ಯಾಸಬಲ. ನಾನು ನೋಡಿದ ಎಷ್ಟೋ ತಾಯಿ ಕಾರ್ಡ್‌ಗಳಲ್ಲಿ ನಾಲ್ಕೂ ತಪಾಸಣೇಲಿ ಬಿಪಿ 110/70, ಒಂದೇ ಪೆನ್ನು, ಒಂದೇ ಕೈಬರಹ, ಒಂದೇ ದಿನ ಕೂತು ತುಂಬಿದ ಹಾಗೆ. ಮನುಷ್ಯರ ಬಿಪಿ ಹಾಗಿರಲ್ಲ. ಸತ್ತ ಮೇಲೆ ಕೇಸ್ ಶೀಟ್ ಇನ್ನೂ ಚಂದ ಆಗುತ್ತೆ, ಅರ್ಧರ್ಧ ಗಂಟೆಗೆ ನಾಡಿ ಬಿಪಿ ನೋಡಿದ ಹಾಗೆ ಸಾಲುಸಾಲು ಬರೆದಿರ್ತಾರೆ. ಯಾಕೆ ಹಾಗೆ ಮಾಡ್ತಾರೆ ಅಂದ್ರೆ ಭಯ. ನಿಯಮದಲ್ಲಿ ಯಾರನ್ನೂ ದೂಷಿಸಬಾರದು, ಹೆಸರು ಹೊರಗೆ ಬರಬಾರದು ಅಂತ ಸ್ಪಷ್ಟವಾಗಿದೆ, ಆದ್ರೆ ಮೀಟಿಂಗ್‌ನಲ್ಲಿ ಮೇಲಿನೋರು ಧ್ವನಿ ಏರಿಸಿ ಯಾವೋನ್ರೀ ಡ್ಯೂಟೀಲಿದ್ದೋನು, ನೋಟಿಸ್ ಕೊಡಿ ಅಂದ ದಿನವೇ ಆ ಜಿಲ್ಲೇಲಿ ಸತ್ಯ ಸಾಯುತ್ತೆ. ಆಮೇಲೆ ಎಲ್ಲರೂ ಕಲಿಯೋದು ಒಂದೇ, ಕೇಸ್ ಕೆಡ್ತಿದೆ ಅನ್ಸಿದ್ರೆ ಬೇಗ ರೆಫರ್ ಮಾಡಿ ಸಾಗಹಾಕು, ಸತ್ರೆ ದಾರೀಲಿ ಸಾಯಲಿ, ನಮ್ಮ ಆಸ್ಪತ್ರೆ ಲೆಕ್ಕಕ್ಕೆ ಬೇಡ. ಕಠಿಣವಾದ ಮಾತು, ಆದ್ರೆ ನಾನೇ ಕಣ್ಣಾರೆ ನೋಡಿದೀನಿ.

ಕೇರಳದೋರು ಇದನ್ನ ಬೇರೆ ಥರ ಮಾಡಿದ್ರು. 2004ರಿಂದ ಅಲ್ಲಿನ ಪ್ರಸೂತಿ ತಜ್ಞರ ಒಕ್ಕೂಟವೇ ಸರ್ಕಾರದ ಜೊತೆ ಸೇರಿ ಪ್ರತಿ ಸಾವಿನ ಕಾಗದಗಳಿಂದ ಹೆಸರು, ಆಸ್ಪತ್ರೆ, ಡಾಕ್ಟ್ರು ಎಲ್ಲಾ ಅಳಿಸಿ, ಆಮೇಲೆ ಪರಿಣತರ ಮುಂದೆ ಇಡೋ ಪದ್ಧತಿ ತಂದ್ರು. ಬ್ರಿಟನ್‌ನಲ್ಲಿ 1952ರಿಂದ ನಡೀತಿರೋ ಗೋಪ್ಯ ವಿಚಾರಣೆಯ ಮಾದರಿ ಅದು. ಯಾರು ಮಾಡಿದ್ರು ಅನ್ನೋದು ಗೊತ್ತಿಲ್ಲದೇ ಇರೋದ್ರಿಂದ ಏನಾಯ್ತು ಅನ್ನೋದನ್ನ ಮಾತಾಡಬಹುದು. ಎಸ್ಆರ್‌ಎಸ್ ಅಂತ ಕೇಂದ್ರ ಸರ್ಕಾರದ ಜನನ ಮರಣ ಸರ್ವೆ ಇದೆ, ಅದರ 2018-20ರ ಅಂಕಿ ನೋಡಿ, ಒಂದು ಲಕ್ಷ ಜೀವಂತ ಜನನಕ್ಕೆ ಸಾಯೋ ತಾಯಂದಿರು ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಲ್ಲಿ 54, ನಮ್ಮ ಕರ್ನಾಟಕದಲ್ಲಿ 69. ದೇಶದ ಸರಾಸರಿ 97, ಅದಕ್ಕಿಂತ ನಾವು ಎಷ್ಟೋ ಮೇಲು ಅಂತ ನಮ್ಮೋರು ಹೇಳ್ಕೋತಾರೆ, ಸರಿ, 2001-03ರಲ್ಲಿ ನಮ್ಮದು 228 ಇತ್ತು ಅಲ್ಲಿಂದ ಇಲ್ಲಿಗೆ ಇಳಿದಿದ್ದು ಸಣ್ಣ ಕೆಲಸ ಅಲ್ಲ, ಆದ್ರೂ ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೇ ಬೆಂಚು ನಮ್ದೇ. ಈ 69 ಅನ್ನೋದು ಆಶಾ ಬರೆದ ಪಟ್ಟಿಯಿಂದ ಬಂದಿದ್ದಲ್ಲ, ಆಯ್ದ ಊರುಗಳಲ್ಲಿ ಮನೆಮನೆ ಸರ್ವೆ ಮಾಡಿ, ಮೂರು ವರ್ಷದ್ದನ್ನ ಒಟ್ಟು ಹಾಕಿ ತೆಗೆಯೋ ಅಂದಾಜು. ನಮ್ಮಲ್ಲಿ ವರ್ಷಕ್ಕೆ ಒಂಬತ್ತು ಲಕ್ಷ ಹೆರಿಗೆ ಅಂತ ಹಿಡಿದ್ರೆ 600 ಚಿಲ್ಲರೆ ತಾಯಂದಿರು. ಜಿಲ್ಲೆಗಳ ಪಟ್ಟಿ ಇದಕ್ಕಿಂತ ತೀರಾ ಕಮ್ಮಿ ಬಂದ್ರೆ ಎಲ್ಲೋ ಮುಚ್ಚಿಡ್ತಿದಾರೆ ಅಂತ ಅರ್ಥ, ಸಮೀಪ ಬಂದ್ರೆ ಎಣಿಕೆ ಸರಿಯಾಗ್ತಿದೆ ಅಂತ. ಇತ್ತೀಚಿಗೆ ಎಣಿಕೆ ಬಹಳ ಸುಧಾರಿಸಿದೆ, ಅದಂತೂ ಒಪ್ಪಲೇಬೇಕು.

ಸಾವು ಇಷ್ಟು ಇಳಿಯೋಕೆ ಆಸ್ಪತ್ರೆ ಹೆರಿಗೆ ಜಾಸ್ತಿಯಾಗಿದ್ದು ಮುಖ್ಯ ಕಾರಣ, ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೆ ಎನ್ಎಫ್ಎಚ್ಎಸ್-5ರಲ್ಲಿ ನಮ್ಮ ರಾಜ್ಯದ್ದು ಶೇ 97. 2005ರಲ್ಲಿ ಜನನಿ ಸುರಕ್ಷಾ, 2008ರ ನವೆಂಬರ್‌ನಲ್ಲಿ 108 ಗಾಡಿ, 2011ರಿಂದ ಸರ್ಕಾರಿ ಆಸ್ಪತ್ರೇಲಿ ಹೆರಿಗೆ ಸಿಸೇರಿಯನ್ ಔಷಧಿ ರಕ್ತ ಊಟ ಎಲ್ಲಾ ಪುಕ್ಕಟೆ, 2016ರಿಂದ ಪ್ರತಿ ತಿಂಗಳು 9ನೇ ತಾರೀಕು ಗರ್ಭಿಣಿಯರ ತಪಾಸಣೆ, ಇದೆಲ್ಲ ನಿಮಗೆ ಗೊತ್ತಿರೋದೇ. ಅದೇ ಸರ್ವೇಲಿ ನಮ್ಮ ಗರ್ಭಿಣಿಯರಲ್ಲಿ ಶೇ 45ರಷ್ಟು ಜನಕ್ಕೆ ರಕ್ತಹೀನತೆ ಇತ್ತು, ಹಿಂದಿನ ಸರ್ವೇಲೂ ಅಷ್ಟೇ ಇತ್ತು. ಹಿಮೋಗ್ಲೋಬಿನ್ 7 ಇರೋ ಹುಡುಗಿಗೆ ಅರ್ಧ ಲೀಟರ್ ರಕ್ತ ಹೋದ್ರೂ ಜೀವಕ್ಕೆ ಕುತ್ತು, 12 ಇರೋಳು ಅದನ್ನ ತಡ್ಕೋತಾಳೆ. ಆಸ್ಪತ್ರೆ ಬಾಗಿಲಿಗೆ ಕರ್ಕೊಂಡು ಬರೋ ಕೆಲಸ ಮುಗೀತು, ಬಾಗಿಲ ಒಳಗೆ ಏನಾಗುತ್ತೆ ಅನ್ನೋದು ಈಗಿನ ಪ್ರಶ್ನೆ.

ಬಾಗಿಲ ಒಳಗಿನ ಒಂದು ವಿಷಯ ಹೇಳ್ತೀನಿ, ಅದು ನನ್ನದೇ ತಪ್ಪಿನ ಕಥೆ. ಹೆರಿಗೇಲಿ ಎಷ್ಟು ರಕ್ತ ಹೋಯ್ತು ಅಂತ ಕೇಸ್ ಶೀಟ್‌ನಲ್ಲಿ ಬರೀಬೇಕು. ನಾನು ಜೂನಿಯರ್ ಆಗಿದ್ದಾಗ ನಾವೆಲ್ಲ ಬರೀತಿದ್ದಿದ್ದು 200 ಎಂಎಲ್, ಸ್ವಲ್ಪ ಜಾಸ್ತಿ ಅನ್ಸಿದ್ರೆ 300. ಅಳೆದು ಅಲ್ಲ, ಕಣ್ಣಂದಾಜು. ನೆಲದ ಮೇಲೆ, ಬಟ್ಟೇಲಿ, ಬಕೆಟ್‌ನಲ್ಲಿ ಹರಡಿದ ರಕ್ತ ಕಣ್ಣಿಗೆ ಯಾವಾಗಲೂ ಕಮ್ಮಿ ಕಾಣುತ್ತೆ. ಒಂದ್ಸಲ 300 ಅಂತ ಬರೆದ ಹುಡುಗಿ ಒಂದೇ ಗಂಟೇಲಿ ಬಿಳಿಚ್ಕೊಂಡು ನಾಡಿ ಸಿಗದ ಹಾಗಾದ್ಳು, ರಕ್ತ ಕೊಟ್ಟು ಉಳಿಸ್ಕೊಂಡ್ವಿ, ಅವತ್ತು ಎಷ್ಟು ಹೋಗಿತ್ತು ಅನ್ನೋದು ದೇವರಿಗೇ ಗೊತ್ತು. ಇದಕ್ಕೆ ಪರಿಹಾರ ಹುಟ್ಟಿದ್ದು ನಮ್ಮ ಬೆಳಗಾವೀಲೇ ಅನ್ನೋದು ನಮ್ಮೋರಿಗೇ ಗೊತ್ತಿಲ್ಲ. ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದವರ ಜೊತೆ ಸೇರಿ ಬೆಳಗಾವಿ ಸುತ್ತಲಿನ ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ ಒಂದು ಅಧ್ಯಯನ ಮಾಡಿದ್ರು, 2006ರಲ್ಲಿ ಪ್ರಕಟ ಆಯ್ತು. ಹೆರಿಗೆ ಆದ ತಕ್ಷಣ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದ್ರೆ ಜಾಸ್ತಿ ರಕ್ತ ಹೋಗೋದು ಶೇ 12ರಿಂದ 6.4ಕ್ಕೆ ಇಳೀತು, ಆ ಮಾತ್ರೆ ಕೊಟ್ಟಿದ್ದು ಹಳ್ಳಿಯ ಸಿಸ್ಟರ್‌ಗಳೇ. ರಕ್ತ ಅಳೆಯೋಕೆ ಅಂತ ಅವರು ಬಳಸಿದ್ದು ಒಂದು ಪ್ಲಾಸ್ಟಿಕ್ ಹಾಳೆ, ಹೆರಿಗೆ ಆದ್ಮೇಲೆ ಸೊಂಟದ ಕೆಳಗೆ ಹಾಸ್ತಾರೆ, ತುದೀಲಿ ಗೀಟು ಹಾಕಿದ ಚೀಲ, ಹಾಲು ಅಳೆಯೋ ಲೋಟದ ಥರ. ಗೀಟು ದಾಟ್ತಾ, ಓಡು. ಅಷ್ಟೇ. ಅಂಥದ್ದೇ ಗೀಟಿನ ಹಾಳೆ ಇಟ್ಕೊಂಡು ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಹೆರಿಗೇಲಿ ನೋಡಿದ್ರು, ರಕ್ತ ಜಾಸ್ತಿ ಹೋಗ್ತಿದೆ ಅಂತ ಕಂಡ ಕೂಡ್ಲೇ ಮಸಾಜು, ಔಷಧಿ, ಡ್ರಿಪ್ಪು ಎಲ್ಲಾ ಒಟ್ಟಿಗೆ, ಒಂದಾದ ಮೇಲೊಂದು ಅಂತ ಕಾಯದೆ. ತೀವ್ರ ರಕ್ತಸ್ರಾವ ಮತ್ತೆ ಅದರಿಂದಾಗೋ ಆಪರೇಷನ್ನು ಸಾವು ಎಲ್ಲಾ ಸೇರಿಸಿ ಶೇ 60ರಷ್ಟು ಕಮ್ಮಿ ಆಯ್ತು, 2023ರಲ್ಲಿ ಫಲಿತಾಂಶ ಬಂತು. ನಮ್ಮೂರ ಹಾಳೆ ಕೀನ್ಯಾ ಸುತ್ತಿ ಬಂದ್ರೂ ನಮ್ಮ ಎಷ್ಟೋ ಲೇಬರ್ ರೂಮ್‌ಗಳಲ್ಲಿ ಇನ್ನೂ 300 ಅಂತಲೇ ಬರೀತಿದಾರೆ, ಇದಕ್ಕೇನು ಹೇಳೋದು.

ರೆಸ್ಪಾನ್ಸ್ ಬಗ್ಗೆ ತಕರಾರಿದೆ ಅಂದ್ನಲ್ಲ. ಆ ನೀರು ಬಿಡೋ ಹೊತ್ತಿನ ಅಜ್ಜಿಯ ಮೀಟಿಂಗ್ ಆದ್ಮೇಲೆ ಡಿಸಿ ಒಂದು ಆದೇಶ ಮಾಡಿದ್ರು, ಎರಡು ಪಕ್ಕದ ತಾಲೂಕಿನ ಅರಿವಳಿಕೆ ಡಾಕ್ಟ್ರು ಒಟ್ಟಿಗೆ ರಜೆ ಹಾಕೋ ಹಾಗಿಲ್ಲ, ಯಾರ ಸರದಿ ಅಂತ ನಂಬರ್ ಸಮೇತ ಪ್ರತಿ ಪಿಎಚ್‌ಸಿ ಗೋಡೆಗೆ ಅಂಟಿಸಬೇಕು, ರೆಫರ್ ಮಾಡೋ ಮುಂಚೆ ಫೋನ್ ಮಾಡಿ ಯಾರ ಹತ್ರ ಮಾತಾಡಿದ್ರಿ ಅಂತ ಚೀಟೀಲಿ ಬರೀಬೇಕು. ಪೈಸೆ ಖರ್ಚಿಲ್ಲ, ಚೆನ್ನಾಗೇ ನಡೀತು. ಒಂದು ವರ್ಷಕ್ಕೆ ಅವರಿಗೆ ವರ್ಗ ಆಯ್ತು. ಗೋಡೆ ಮೇಲಿನ ಚೀಟಿ ಆಮೇಲೂ ಇತ್ತು, ಅದರಲ್ಲಿದ್ದ ನಂಬರ್‌ನವರು ಇರಲಿಲ್ಲ.

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೇಲಿ ಆಗಿದ್ದು ಎಲ್ಲರಿಗೂ ನೆನಪಿದೆ. ಮೂರೇ ದಿನದಲ್ಲಿ ಸಿಸೇರಿಯನ್ ಆದವರಲ್ಲಿ ಏಳು ಜನಕ್ಕೆ ಕಿಡ್ನಿ ಅದು ಇದು ಕೆಟ್ಟು ಐದು ಜನ ಬಾಣಂತಿಯರು ತೀರ್ಕೊಂಡ್ರು, ಅನುಮಾನ ಹೋಗಿದ್ದು ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ರಾಜ್ಯದಲ್ಲಿ ಆ ಕಂಪನಿ ಡ್ರಿಪ್ ನಿಲ್ಲಿಸಿದ್ರು, ಔಷಧ ನಿಯಂತ್ರಕರನ್ನ ಅಮಾನತು ಮಾಡಿದ್ರು. ಒಂದೇ ಆಸ್ಪತ್ರೆ, ಒಂದೇ ವಾರ, ಹಾಗಾಗಿ ಕಣ್ಣಿಗೆ ಬಿತ್ತು. ಅದೇ ಐದು ಸಾವು ಐದು ಜಿಲ್ಲೇಲಿ ಒಂದೊಂದಾಗಿ ಆಗಿದ್ರೆ? ಆಪರೇಷನ್ ಆದ್ಮೇಲೆ ಕಿಡ್ನಿ ಫೇಲ್ ಅಂತ ಐದು ಬೇರೆಬೇರೆ ಫೈಲಲ್ಲಿ ಮುಚ್ಚಿಹೋಗ್ತಿತ್ತು. ಸಾವುಗಳನ್ನ ಒಂದೇ ಕಡೆ ಸಾಲಾಗಿ ಬರೆದಿಡೋದು ಇದಕ್ಕೇ ಬೇಕಾಗಿರೋದು, ಒಂದು ಸಾಲಲ್ಲಿ ಕಾಣದ್ದು ಹತ್ತು ಸಾಲಲ್ಲಿ ಕಾಣುತ್ತೆ. ಆಮೇಲೆ ರಾಜ್ಯ ಸರ್ಕಾರ ಅದೇ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಿ ಮರಣಗಳನ್ನ ತಜ್ಞರಿಂದ ಆಡಿಟ್ ಮಾಡಿಸ್ತು, ಶೇ 70ಕ್ಕೂ ಹೆಚ್ಚಿನವು ತಪ್ಪಿಸಬಹುದಾಗಿದ್ದವು ಅಂತ ಬಂತು. ಪೇಪರ್‌ನಲ್ಲಿ ಅದನ್ನ ಓದಿ ಗಾಬರಿ ಆದವರು ಬಹಳ ಜನ. ಸಮಿತೀಲಿ ಕೂತ ನಮಗೆ ಅದು ಹೊಸದಲ್ಲ, ತಿಂಗಳಾ ತಿಂಗಳಾ ನಾವು ಬರೀತಿದ್ದಿದ್ದೂ ಅದೇ.

ಸತ್ತವರ ಕಥೆ ಮಾತ್ರ ಅಲ್ಲ, ಸಾವಿನ ಬಾಗಿಲು ತಟ್ಟಿ ವಾಪಸ್ ಬಂದವರ ಕಥೆನೂ ಕೇಳಬೇಕು ಅಂತ 2014ರಲ್ಲಿ ಒಂದು ಪದ್ಧತಿ ಬಂತು, ನಿಯರ್ ಮಿಸ್ ರಿವ್ಯೂ. ಮೆಡಿಕಲ್ ಕಾಲೇಜುಗಳಲ್ಲಿ ಮೊದಲು ಶುರು ಮಾಡಬೇಕು ಅಂತ. ನನಗೆ ಇದು ಜಾಸ್ತಿ ಇಷ್ಟ. ಬದುಕಿದವಳು ತಾನೇ ಮಾತಾಡ್ತಾಳೆ, ಡಾಕ್ಟ್ರಿಗೂ ಭಯ ಇಲ್ಲ, ನಾವು ಉಳಿಸಿದ್ವಿ ಅನ್ನೋ ಖುಷೀಲಿ ಎಲ್ಲಿ ಎಡವಿದ್ವಿ ಅನ್ನೋದನ್ನೂ ಬಾಯಿಬಿಡ್ತಾರೆ. ಆದ್ರೆ ಅದನ್ನ ಶ್ರದ್ಧೆಯಿಂದ ಮಾಡೋ ಕಡೆಗಳು ಕಮ್ಮಿ.

ಇನ್ನು ನಿಮ್ಮತ್ತಿಗೆ ವಿಷಯ. ಫಿಟ್ಸ್‌ಗೆ ಕಾರಣ ಏನು ಅಂತ ಇಲ್ಲಿ ಕೂತು ಹೇಳೋದು ಸರಿಯಲ್ಲ, ದೊಡ್ಡಾಸ್ಪತ್ರೆ ಸ್ಕ್ಯಾನ್ ಮಾಡಿದ್ರೆ ಅದರಲ್ಲಿರುತ್ತೆ. ಆದ್ರೆ ಹೆರಿಗೆ ಆಗಿ ವಾರದೊಳಗೆ ತಲೆನೋವು ಆಮೇಲೆ ಫಿಟ್ಸ್ ಅಂದ್ರೆ ನಾವು ಮೊದಲು ಹುಡುಕೋದು ಎರಡು. ಒಂದು, ಬಿಪಿ. ಹೆರಿಗೆ ಆಯ್ತು ಬಿಪಿ ಇಳೀತು ಅಂತ ಅಂದ್ಕೋತಾರೆ, ವಾಸ್ತವದಲ್ಲಿ ಹೆರಿಗೆ ಆಗಿ ಮೂರರಿಂದ ಆರನೇ ದಿನದಲ್ಲಿ ಅದು ಮತ್ತೆ ಏರೋದುಂಟು, ಸರಿಯಾಗಿ ಮನೆಗೆ ಕಳಿಸೋ ಹೊತ್ತಿಗೆ. ಇನ್ನೊಂದು, ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋದು. ಇದರ ಬಗ್ಗೆ ನಮ್ಮ ನಿಮ್ಹಾನ್ಸ್‌ನವರು ದಶಕಗಟ್ಟಲೆ ಕೆಲಸ ಮಾಡಿದಾರೆ, ಬಾಣಂತಿಯರಲ್ಲಿ ನಮ್ಮ ಕಡೆ ಹೆಚ್ಚು ಕಾಣಿಸೋ ಕಾಯಿಲೆ. ಬಾಣಂತಿಗೆ ನೀರು ಜಾಸ್ತಿ ಕೊಡಬಾರದು, ಹೊಟ್ಟೆ ಬರುತ್ತೆ, ಶೀತ ಆಗುತ್ತೆ ಅಂತ ದಿನಕ್ಕೆ ಎರಡು ಲೋಟದಲ್ಲಿ ಇಡ್ತಾರಲ್ಲ, ಮೈಯಲ್ಲಿ ನೀರಿನಂಶ ಬತ್ತಿದ್ರೆ ರಕ್ತ ಹೆಪ್ಪುಗಟ್ಟೋದಕ್ಕೆ ಅನುಕೂಲ. ಬಾಣಂತಿ ಸನ್ನಿ ಅಂತ ನಮ್ಮ ಅಜ್ಜಿಯರು ಹೆಸರಿಟ್ಟಿದ್ದು ಬಹುಶಃ ಇದೇ ಎರಡಕ್ಕೆ, ಜೊತೆಗೆ ಜ್ವರದ ನಂಜಿಗೂ, ಮಾನಸಿಕ ಏರುಪೇರಿಗೂ ಸೇರಿಸಿ ಒಂದೇ ಹೆಸರು. ಅವರ ಕಾಲದಲ್ಲಿ ಔಷಧಿ ಇರ್ಲಿಲ್ಲ, ಹೆಸರು ಮಾತ್ರ ಇತ್ತು. ಈಗ ಬಿಪಿ ಫಿಟ್ಸ್‌ಗೆ ಮೆಗ್ನೀಷಿಯಂ ಸಲ್ಫೇಟ್ ಇದೆ, ತೀರಾ ಅಗ್ಗದ ಇಂಜೆಕ್ಷನ್, ಪಿಎಚ್‌ಸೀಲಿ ಸಿಸ್ಟರೇ ಮೊದಲ ಡೋಸ್ ಎರಡೂ ಸೊಂಟಕ್ಕೆ ಕೊಟ್ಟು ಗಾಡಿ ಹತ್ತಿಸಬಹುದು. ನಿಮ್ಮ ಕೇಸಲ್ಲಿ ರಾತ್ರಿಯಿಂದ ಬೆಳಗಿನವರೆಗಿನ ಹೊತ್ತು ಮನೇಲಿ ಹೋಯ್ತು, ಅದನ್ನ ಮುಚ್ಚಿಡಬೇಡಿ, ಹಾಗೇ ನಿಮ್ಮ ಹಿರಿಯರನ್ನ ಬೈಯೋಕೂ ಹೋಗಬೇಡಿ, ಅವರಿಗೆ ಯಾರೂ ಹೇಳಿರ್ಲಿಲ್ಲ. ಸಮಿತಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಮೂರನೇ ದಿನ ಬಿಡುಗಡೆ ಮಾಡೋವಾಗ ಬಿಪಿ ನೋಡಿದ್ರಾ? ತಲೆನೋವು, ಕಣ್ಣು ಮಂಜು, ಜ್ವರ, ವಾಸನೆ ಬರೋ ಸ್ರಾವ, ಇವು ಬಂದ್ರೆ ತಕ್ಷಣ ಬನ್ನಿ ಅಂತ ಯಾರಾದ್ರೂ ಹೇಳಿದ್ರಾ? ಆಶಾ ಮೂರನೇ ದಿನ, ಏಳನೇ ದಿನ ಮನೆಗೆ ಬರಬೇಕು, ನಿಮ್ಮತ್ತಿಗೆಗೆ ತಲೆನೋವು ಶುರುವಾಗಿದ್ದೂ ಏಳನೇ ದಿನವೇ. ಅವತ್ತು ಆಶಾ ಬಂದಿದ್ಲಾ? ಬಂದಿದ್ರೆ ಮಗು ತೂಕ ಮಾತ್ರ ನೋಡಿ ಹೋದ್ಳಾ, ತಾಯಿ ಮುಖ ನೋಡಿದ್ಳಾ? ಇದು ಆಶಾಳ ಮೇಲಿನ ದೂರಲ್ಲ, ಅವಳ ಕೈಗೆ ನಾವು ತೂಕದ ಚೀಲ ಕೊಟ್ಟಿದೀವಿ, ಬಿಪಿ ಮಿಷನ್ ಕೊಟ್ಟಿಲ್ಲ.

ನರ್ಸಿಂಗ್ ಹೋಮ್ ಮೇಲೋ ಆಸ್ಪತ್ರೆ ಮೇಲೋ ನಿಮಗೆ ನಿಜವಾಗ್ಲೂ ದೂರಿದ್ರೆ ಈ ಮೀಟಿಂಗ್ ಅದಕ್ಕೆ ಜಾಗ ಅಲ್ಲ, ಇಲ್ಲಿ ಯಾರಿಗೂ ಶಿಕ್ಷೆನೂ ಇಲ್ಲ, ಪರಿಹಾರನೂ ಇಲ್ಲ. ಪ್ರೈವೇಟ್ ಆದ್ರೆ ಖಾಸಗಿ ಆಸ್ಪತ್ರೆಗಳನ್ನ ನಿಯಂತ್ರಿಸೋ ಕೆಪಿಎಂಇ ಕಾಯ್ದೆ ಪ್ರಕಾರ ಜಿಲ್ಲಾ ಮಟ್ಟದ ಪ್ರಾಧಿಕಾರ ಇದೆ, ಅದಕ್ಕೂ ಡಿಸಿನೇ ಅಧ್ಯಕ್ಷರು, ಆದ್ರೆ ಅದು ಬೇರೆ ಅರ್ಜಿ ಬೇರೆ ಫೈಲು. ಗ್ರಾಹಕರ ಆಯೋಗಕ್ಕೆ ಹೋಗೋದಾದ್ರೆ ಎರಡು ವರ್ಷದೊಳಗೆ. ಯಾವುದಕ್ಕಾದ್ರೂ ಮೊದಲು ಬೇಕಾಗೋದು ಕೇಸ್ ಶೀಟ್ ನಕಲು, ಬರವಣಿಗೇಲಿ ಕೇಳಿದ್ರೆ ಡಾಕ್ಟ್ರು 72 ಗಂಟೇಲಿ ಕೊಡಬೇಕು ಅಂತ ಮೆಡಿಕಲ್ ಕೌನ್ಸಿಲ್ ನಿಯಮ ಇದೆ. ಎರಡನ್ನೂ ಕಲಸಬೇಡಿ ಅಂತ ಯಾಕೆ ಹೇಳ್ತಿದೀನಂದ್ರೆ, ಪರಿಶೀಲನೆ ಮೀಟಿಂಗ್‌ನಲ್ಲಿ ನೀವು ಬೈಗುಳದಿಂದ ಶುರು ಮಾಡಿದ್ರೆ ಎದುರಿನೋರು ಬಾಯಿ ಮುಚ್ಕೋತಾರೆ, ಆಗ ಗೊತ್ತಾಗಬೇಕಾದ್ದು ಗೊತ್ತಾಗಲ್ಲ.

ಹೋಗೋ ಮುಂಚೆ ಒಂದು ಕೆಲಸ ಮಾಡಿ. ಇವತ್ತೇ, ಮರೆಯೋದ್ರೊಳಗೆ, ನೀವು, ನಿಮ್ಮಣ್ಣ, ಅತ್ತಿಗೆಯ ತಾಯಿ ಮೂರೂ ಜನ ಕೂತು ಒಂದು ಹಾಳೇಲಿ ಏಳನೇ ದಿನ ಬೆಳಗಿನಿಂದ ಒಂಬತ್ತನೇ ದಿನ ಸಂಜೆವರೆಗೆ ಏನೇನಾಯ್ತು ಅಂತ ಬರೀರಿ. ಗಂಟೆ ನೆನಪಿಲ್ದಿದ್ರೆ ನೀರು ಬಿಟ್ಟಿದ್ದು, ಬಸ್ಸು ಹೋಗಿದ್ದು, ಧಾರಾವಾಹಿ ಬರ್ತಿದ್ದಿದ್ದು ಯಾವುದಾದ್ರೂ ಸರಿ. ಮೊಬೈಲ್‌ನಲ್ಲಿ 108ಕ್ಕೆ, ಆಶಾಗೆ, ನೆಂಟರಿಗೆ ಮಾಡಿದ ಕಾಲ್‌ಗಳ ಸಮಯ ಇರುತ್ತೆ, ಅಳಿಸಿಹೋಗೋ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ನರ್ಸಿಂಗ್ ಹೋಮ್ ಬಿಲ್ಲಲ್ಲಿ ಟೈಮ್ ಪ್ರಿಂಟ್ ಆಗಿರುತ್ತೆ, ಔಷಧಿ ಅಂಗಡಿ ಬಿಲ್ಲಲ್ಲೂ ಇರುತ್ತೆ, ಅದನ್ನೂ ಇಟ್ಕೊಳ್ಳಿ. ಮೀಟಿಂಗ್‌ಗೆ ಇಬ್ಬರು ಹೋಗಿ, ಅದರಲ್ಲಿ ಒಬ್ಬರು ಕೊನೇ ಎರಡು ದಿನ ಅತ್ತಿಗೆ ಪಕ್ಕದಲ್ಲೇ ಇದ್ದವರಾಗಿರಲಿ, ಬಹುಶಃ ಅವರ ತಾಯಿ. ಮಾತಾಡೋಕೆ ಬರಲ್ಲ ಅಂತ ಅವರನ್ನ ಬಿಟ್ಟು ಊರಿನ ಮುಖಂಡರನ್ನ ಕರ್ಕೊಂಡು ಹೋಗಬೇಡಿ.

ತಾಯಿ ಕಾರ್ಡ್ ಕೇಳಿದ್ರೆ ಜೆರಾಕ್ಸ್ ಕೊಡಿ, ಒರಿಜಿನಲ್ ಕೊಡಬೇಡಿ. ಅದರ ಹಿಂದಿನ ಹಾಳೆಗಳಲ್ಲಿ ಮಗುವಿನ ಲಸಿಕೆ ಪಟ್ಟಿ ಇದೆ, ಒಂದೂವರೆ ತಿಂಗಳಿಗೆ ಹಾಕಿಸಬೇಕಾದ ಇಂಜೆಕ್ಷನ್ ಹತ್ರ ಬಂತು, ಮಗು ಈಗ ಯಾರ ಮನೇಲಿದೆಯೋ ಆ ಊರಿನ ಸಿಸ್ಟರ್‌ಗೆ ಆ ಕಾರ್ಡ್ ತೋರಿಸಬೇಕಾಗುತ್ತೆ.